ದುಡಿಯದ ಅಕ್ಷರ

ಪಂಚಾಂಗದವರು ಬೆರಳು ಮಡಚಿ, ಬಿಚ್ಚಿ
ಉತ್ತರಾಭಾದ್ರ, ಮೂರನೇ ಪಾದ ಎಂದರು.
ಸ್ವಲ್ಪ ಹೊತ್ತು ಸುಮ್ಮನಿದ್ದು
ತಪ್ಪು ತಮ್ಮದೇ ಎಂಬ ಹಾಗೆ, ಮೆಲ್ಲಗೆ:
"ಝ."

ಏಳು ದಿನದ ಮಗು ನನ್ನ ತೊಡೆಯ ಮೇಲೆ
ಆಕಳಿಸಿತು.

ಝ-ದಲ್ಲಿ ಏನಿದೆ?
ಇಸ್ಕೂಲಿನ ಗೋಡೆಪಟದಲ್ಲೊಂದು ಝರಿಯಿತ್ತು,
ಚಿಂತಾಮಣಿಯಲ್ಲಿ ಅದನ್ನು ಕಣ್ಣಾರೆ ಕಂಡವರಿಲ್ಲ.
ಝಾನ್ಸಿ ಇದ್ದಾಳೆ, ನನ್ನ ನಾದಿನಿಯೇ.
ಮನೆಗೊಂದು ಕತ್ತಿ ಸಾಕು ಎಂದ ನನ್ನ ಗಂಡ,
ಅವಳು ಹತ್ತಿರವಿಲ್ಲವೆಂದು ನೋಡಿಕೊಂಡು.
ಝಣಝಣ, ಝಳ, ಝಾಡಿಸು...
"ಚಿಲ್ಲರೆ ಸದ್ದು, ಬಿಸಿಲು, ಒದೆ,
ಇವೆಲ್ಲ ಹೆಸರಾ?" ಅತ್ತೆ ಗಂಗುಲಮ್ಮ
ವೀಳ್ಯದೆಲೆಯ ತೊಟ್ಟು ಮುರಿದರು.

ನನಗೆ ನೆನಪಾದದ್ದು
ಐದನೇ ಕ್ಲಾಸಿನ ಲೆಕ್ಕದ ಪುಸ್ತಕ.

ಅಪ್ಪ ದೊಡ್ಡಪೇಟೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ.
ರಷ್ಯಾದಿಂದ ಲೈಬ್ರರಿಗೆ ಬರುತ್ತಿದ್ದ ಬಣ್ಣದ ಪತ್ರಿಕೆಯ
ಹಳೇ ಸಂಚಿಕೆ ಬೇಡಿ ತಂದು
ಜೂನ್ ಮೊದಲ ವಾರ ಬೈಂಡು ಹಾಕುತ್ತಿದ್ದ.
ಏನು ನುಣುಪು ಆ ಕಾಗದ!
ಮೂಗಿಗಿಟ್ಟರೆ ಅರ್ಧ ಸೀಮೆಎಣ್ಣೆ, ಅರ್ಧ ಹಣ್ಣು.
ಸಮಾಜಕ್ಕೆ ಅಣೆಕಟ್ಟು, ವಿಜ್ಞಾನಕ್ಕೆ ರಾಕೆಟ್ಟು,
ಲೆಕ್ಕಕ್ಕೆ ಮಾತ್ರ ಒಬ್ಬ ಹುಡುಗಿ:
ತಲೆಗೆ ಚುಕ್ಕಿಯ ವಸ್ತ್ರ, ಮೊಣಕಾಲವರೆಗೆ ಬೂಟು,
ಹಿಮದಲ್ಲಿ ಬಕೆಟ್ಟು ಹಿಡಿದು ನಿಂತು
ಯಾರಿಗೋ ಏನೋ ಹೇಳಹೊರಟು ನಕ್ಕುಬಿಟ್ಟಿದ್ದಾಳೆ.
ಕೆಳಗೆ, ಕನ್ನಡದಲ್ಲೇ, ಅವಳ ಹೆಸರು:
ಝೋ...
ಮಿಕ್ಕದ್ದರ ಮೇಲೆ ನನ್ನ ಲೇಬಲ್ಲು.
ಪಿ. ಸುಗುಣ, ೫ನೇ 'ಬಿ'.

ವರ್ಷವೆಲ್ಲ ಭಿನ್ನರಾಶಿ ಬಿಟ್ಟು
ಅವಳ ಹೆಸರು ಪೂರ್ತಿಮಾಡಿದೆ.
ಝೋಮಾ. ಝೋಲಿ. ಝೋನಮ್ಮ.
ಮಾರ್ಚಿನಲ್ಲಿ ಉಗುರು ಹಾಕಿ ಲೇಬಲ್ಲು ಎಬ್ಬಿಸಿದರೆ
ಗೋಂದು, ಹಿಮವನ್ನೂ ಹೆಸರನ್ನೂ
ಒಟ್ಟಿಗೇ ಕಿತ್ತುಕೊಂಡು ಬಂತು.

"ಝೋಯಾ," ಎಂದ ಅಪ್ಪ ಈಗ,
ಗೋಡೆಗೆ ಒರಗಿದಲ್ಲಿಂದಲೇ.
"ಓದೇ ಬೈಂಡ್ ಹಾಕಿದ್ದೆ. ನೀನು ಕೇಳಲಿಲ್ಲ."
ಹದಿನೇಳು ವರ್ಷ!
"ಜೀವ ಅಂತಂತೆ ಅರ್ಥ. ಯಾರು ಹೇಳಿದ್ದೋ ಮರೆತೆ."

ಅತ್ತೆ ಮೊದಲು ತೆಲುಗಿನಲ್ಲಿ ಗೊಣಗಿ
ಬೀಗರಿಗೂ ಕೇಳಲೆಂದು ಕನ್ನಡದಲ್ಲಿ ಗೊಣಗಿದರು:
ನಮ್ಮ ಪಾಪಂಗೆ ಯಾಕೆ ಚಳಿದೇಶದ ಹೆಸರು,
ಮೂಗು ಸೋರುತ್ತೆ.

ಅಪ್ಪ ಜೇಬಿನಿಂದ ಹೊಗೆಸೊಪ್ಪಿನ ಡಬ್ಬಿ ತೆಗೆದ.
ಪ್ರೆಸ್ಸು ಮುಚ್ಚಿ ಮೊಳೆಗಳೆಲ್ಲ
ಗುಜರಿಗೆ, ತೂಕಕ್ಕೆ ಹೋದ ದಿನ
ಒಂದನ್ನು ಮಾತ್ರ ಉಳಿಸಿಕೊಂಡಿದ್ದನಂತೆ.
"ಶ್ರೀ ಸವೆದು ಚಪ್ಪಟೆಯಾಗಿತ್ತು.
ವಿವಾಹದ ವಿ ಹೋಯ್ತು, ವೈಕುಂಠದ ವೈ ಹೋಯ್ತು.
ಇದು ದುಡಿದೇ ಇಲ್ಲ ಕಣಮ್ಮ.
ಮೂವತ್ತೊಂದು ವರ್ಷ ತನ್ನ ಮನೇಲಿ ಕೂತಿತ್ತು,
ಯಾರಾದರೂ ಕರೀತಾರೇನೋ ಅಂತ."
ಅಂಗೈ ಮೇಲೆ ಝ. ಉಲ್ಟಾ. ಅಂಚೆಲ್ಲ ಹೊಸತು.

ಮಗುವಿನ ಕೈಗೆ ಸೋಕಿಸಿದ.
ಮುಷ್ಟಿ ಮುಚ್ಚಿತು.
"ಸೀಸ ಮಾವ, ಸೀಸ!" ಗಂಡ ಗಾಬರಿಯಲ್ಲಿ
ಒಂದೊಂದೇ ಬೆರಳು ಬಿಡಿಸಿದ.

ಹನ್ನೊಂದನೇ ದಿನ ತಟ್ಟೆಯ ಅಕ್ಕಿಯಲ್ಲಿ
ಉಂಗುರದಿಂದ ಹೆಸರು ಬರೆಯಲು ಅಪ್ಪನನ್ನೇ ಕರೆದರು.
ಹಳೇ ಕೈ; ಬಲದಿಂದ ಎಡಕ್ಕೆ ಹೊರಟುಬಿಟ್ಟಿತು.
ಪುರೋಹಿತರು ಕತ್ತು ವಾಲಿಸಿ ನೋಡಿದರು,
ಝಾನ್ಸಿ ಪೌಡರ್ ಡಬ್ಬಿಯ ಕನ್ನಡಿ ಹಿಡಿದಳು.
ಅದರೊಳಗೆ ಅಕ್ಕಿ, ಬೆಳ್ಳಗೆ,
ನಡುವೆ ನನ್ನ ಮಗಳು, ಸರಿಯಾಗಿ.

ಶಿಡ್ಲಘಟ್ಟದ ಕೊನೇ ಬಸ್ಸು ತಪ್ಪಿ
ಅತ್ತೆ ಅವತ್ತು ನಮ್ಮಲ್ಲೇ ಉಳಿದರು.
ಅವರ ನಾಲಗೆಗೆ ಝ ಹತ್ತದು.
ಹಗ್ಗ ಎಳೆದು ತೊಟ್ಟಿಲು ತೂಗುತ್ತ,
ಮುನಿಸಿನ್ನೂ ಇಳಿಯದ ದನಿಯಲ್ಲೇ
ಜೋ... ಜೋ... ಜೋ...
ಮೂರನೆಯದಕ್ಕೋ ನಾಲ್ಕನೆಯದಕ್ಕೋ
ಒಂದು ಯಾ ಅಂಟಿಕೊಂಡಿತು.

ಕೇಳಿಸಿಕೊಂಡೆನೆಂದು ಗೊತ್ತಾದರೆ ನಿಲ್ಲಿಸಿಬಿಟ್ಟಾರು,
ಗೋಡೆಯ ಕಡೆ ತಿರುಗಿ
ನಿದ್ದೆಯವಳಂತೆ ಉಸಿರಾಡಿದೆ.